ಬಾಡಿಗೆಯಮ್ಮನ ಸರದಿ

ನೂರು ಮನೆಗೆ ಕಾಗದ ಕಳಿಸಿ, ತೊಂಬತ್ತೆಂಟು ಮನೆಯವರು ಅದನ್ನು ಬಿಡಿಸಿಯೂ ನೋಡದೆ ಬುಟ್ಟಿಗೆ ಹಾಕಿದರೆ ವಿಳಾಸರಾಯರ ಆಫೀಸಿನಲ್ಲಿ ಅದಕ್ಕೆ ಯಶಸ್ಸು ಎಂದು ಹೆಸರು. ಉಳಿದ ಇಬ್ಬರು ಒಂದು ಹಾಸಿಗೆಯನ್ನೋ ಮಿಕ್ಸಿಯನ್ನೋ ಕೊಂಡರೆ ಸಾಕು, ತಿಂಗಳ ಕೊನೆಯ ಸಭೆಯಲ್ಲಿ ಯಜಮಾನರು ಮೇಜು ತಟ್ಟಿ, "ನೂರಕ್ಕೆ ಎರಡು! ಭೇಷ್!" ಎನ್ನುತ್ತಿದ್ದರು. ಬೆಟ್ಟ ಅಗೆದು ಇಲಿ ಹಿಡಿಯುವುದು ಎಂದರೆ ಇದೇ ಅಲ್ಲವೇ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಇಲಿ ಇವರದು, ಬೆಟ್ಟ ಮಾತ್ರ ಯಾರದೋ ಆಗಿತ್ತು.

ಅಂಗಡಿಯವರ ಜಾಹೀರಾತನ್ನು ಅಚ್ಚು ಹಾಕಿಸಿ, ಮಡಚಿ, ಲಕೋಟೆಗೆ ತುಂಬಿ, ಕೇಳದವರ ಮನೆಗೆಲ್ಲ ಕಳಿಸುವುದು ಆ ಕಂಪನಿಯ ಕೆಲಸ. ಯಾರಿಗೆ ಕಳಿಸಬೇಕೆಂಬ ಪಟ್ಟಿಯನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದವರು ರಾಯರು. ಊರಿನ ಯಾವ ಬೀದಿ ಹೇಳಿದರೂ ಮನೆ ನಂಬರು, ಮಹಡಿ, ಬಾಗಿಲು ಎಡಕ್ಕೋ ಬಲಕ್ಕೋ ಎಂಬುದನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದರು. ಅದಕ್ಕೇ ಆ ಅಡ್ಡಹೆಸರು ಬಂದದ್ದು. ಆ ಮನೆಗಳ ಪೈಕಿ ಒಂದರ ಒಳಗೂ ಅವರು ಕಾಲಿಟ್ಟಿರಲಿಲ್ಲ ಎನ್ನುವುದು ಬೇರೆ ಮಾತು.

ಈ ವೃತ್ತಿಯಲ್ಲಿ ಒಂದು ಪದ್ಧತಿ ಉಂಟು. ಹಂಚುವವರು ಕಾಗದವನ್ನು ಮನೆಮನೆಗೆ ಹಾಕಿದರೋ, ಚರಂಡಿಗೆ ಸುರಿದು ಕೈ ತೊಳೆದುಕೊಂಡರೋ ತಿಳಿಯಬೇಕಲ್ಲ? ಅದಕ್ಕಾಗಿ ಪಟ್ಟಿಯೊಳಗೆ ಕೆಲವು ಸುಳ್ಳು ಹೆಸರುಗಳನ್ನು ಸೇರಿಸಿಡುತ್ತಾರೆ. ಹೆಸರು ಹುಟ್ಟಿಸಿದ್ದು, ವಿಳಾಸ ಮಾತ್ರ ನಿಜ, ಯಾರೋ ನೆಂಟರದೋ ಸ್ನೇಹಿತರದೋ. ಕಾಗದ ಅಲ್ಲಿಗೆ ತಲುಪಿದರೆ ಉಳಿದವರಿಗೂ ತಲುಪಿದೆ ಎಂದು ಲೆಕ್ಕ. ಇವಕ್ಕೆ ಆಫೀಸಿನಲ್ಲಿ ಕಾವಲು ಹೆಸರು ಎನ್ನುತ್ತಿದ್ದರು. ರಾಯರು ಊರಿನ ಎಂಟು ದಿಕ್ಕಿಗೂ ಒಂದೊಂದರಂತೆ ಎಂಟು ಕಾವಲು ಹೆಸರು ಹುಟ್ಟಿಸಿದ್ದರು.

ಅದರಲ್ಲಿ ಒಬ್ಬಾಕೆಯ ವಿಳಾಸ ರಾಯರ ಅತ್ತೆಯದು. ರಾಯರ ಸಂಸಾರ ಮೊದಲ ಮಹಡಿಯಲ್ಲಿ, ಅತ್ತೆ ಅದೇ ಕಟ್ಟಡದ ಕೆಳಗಿನ ಎರಡು ಕೋಣೆಯಲ್ಲಿ. ಮೂವತ್ತು ವರ್ಷ ದರ್ಜಿ ಅಂಗಡಿಗೆ ಕೈಯಲ್ಲೇ ಕಾಜಾ ಹಾಕಿಕೊಟ್ಟ ಹೆಂಗಸು. ದಿನವಿಡೀ ಮನೆಯಲ್ಲಿ ಇರುತ್ತಾರೆ, ಹೇಳಿದ ಕೆಲಸವನ್ನು ಕಾಜಾ ಹಾಕಿದಷ್ಟೇ ನಿಯತ್ತಾಗಿ ಮಾಡುತ್ತಾರೆ. ಕಾವಲಿಗೆ ಇಂಥವರು ಸಿಗುವುದು ಪುಣ್ಯ. "ಅತ್ತೆ, ಈ ಹೆಸರಿಗೆ ಬಂದ ಕಾಗದ ಒಂದೂ ಕಳೀಬಾರದು. ಒಡೆಯಲೂಬೇಡಿ. ದಾರ ಕಟ್ಟಿ ಇಟ್ಟಿರಿ, ತಿಂಗಳ ಕೊನೇ ಶನಿವಾರ ನಾನು ತಗೊಳ್ತೀನಿ. ಆಫೀಸಿಗೆ ತುಂಬ ಮುಖ್ಯ," ಎಂದು ರಾಯರು ಗಂಭೀರವಾಗಿ ಹೇಳಿದ್ದರು.

ಇರದ ಆ ಹೆಂಗಸಿಗೆ ಅತ್ತೆ ಬಾಡಿಗೆಯಮ್ಮ ಎಂದು ಹೆಸರಿಟ್ಟರು. "ನೀರು ಕೇಳಲ್ಲ, ಜಗಳ ಆಡಲ್ಲ, ಬಾಡಿಗೇನೂ ಕೊಡಲ್ಲ. ಬರೀ ಕಾಗದ ತರಿಸ್ಕೊಳ್ತಾಳೆ, ಮಹಾರಾಯಿತಿ," ಎಂದು ನಗುತ್ತಿದ್ದರು.

ನಗು ಇದ್ದರೂ ಕಣ್ಣಿರಲಿಲ್ಲ. ಅತ್ತೆಯ ಬಲಗಣ್ಣು ಚಿಕ್ಕಂದಿನ ಕಾಯಿಲೆಯಲ್ಲೇ ಹೋಗಿತ್ತು. ಉಳಿದ ಎಡಗಣ್ಣಿಗೆ ಪೊರೆ ಬಂದು, ಸೂಜಿಯ ಕಣ್ಣು ಹಾಗಿರಲಿ, ಎದುರಿಗೆ ನಿಂತ ಮಗಳ ಮುಖವೂ ಮಬ್ಬಾಗಿತ್ತು. ಸಾರ್ವಜನಿಕ ಕಣ್ಣಾಸ್ಪತ್ರೆಯ ಡಾಕ್ಟರು ನೋಡಿ, "ವರ್ಷದ ಒಳಗೆ ಆಪರೇಷನ್ ಆಗಲೇಬೇಕು. ಪೊರೆ ತೀರಾ ಗಟ್ಟಿಯಾದರೆ ಕಣ್ಣೇ ಹೋದೀತು," ಎಂದಿದ್ದರು. ಅಲ್ಲಿ ಸರದಿಯ ಪಟ್ಟಿ ಎಂಟು ತಿಂಗಳ ಉದ್ದ. ತಾರೀಖನ್ನು ಕಾಗದದ ಮೂಲಕ ತಿಳಿಸುತ್ತೇವೆ, ಆ ದಿನ ಬರದಿದ್ದರೆ ಹೆಸರು ಹೊಡೆಯುತ್ತೇವೆ ಎಂಬುದು ಆಸ್ಪತ್ರೆಯ ನಿಯಮ. ಖಾಸಗಿ ಆಸ್ಪತ್ರೆಗೆ ಹೋಗುವ ಶಕ್ತಿ ಆ ಮನೆಗಿರಲಿಲ್ಲ. ಅತ್ತೆ ಕಾಯುತ್ತಿದ್ದರು.

ಕಾಯುತ್ತಲೇ ಕಾವಲನ್ನೂ ನಡೆಸುತ್ತಿದ್ದರು. ಅಕ್ಷರ ಕಾಣದಿದ್ದರೇನು, ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಹೆಸರಿನ ಗೆರೆ ಎಷ್ಟುದ್ದ ಇದೆ ಎಂದು ತಿಳಿಯುತ್ತಿತ್ತು. ಬಾಡಿಗೆಯಮ್ಮನದು ಉದ್ದ ಹೆಸರು, ಅದು ದಾರದ ಕಟ್ಟಿಗೆ. ಅತ್ತೆಯದು ಗಿಡ್ಡ ಹೆಸರು, ಅದು ಬಾಗಿಲ ಹಿಂದಿನ ಗೋಣಿಚೀಲಕ್ಕೆ. ತನ್ನ ಹೆಸರಿಗೆ ಬರುವುದೆಲ್ಲ ಕಸ ಎಂದು ಅವರಿಗೆ ಅನುಭವದಿಂದ ಗೊತ್ತಿತ್ತು. ಯಾವತ್ತೋ ಸೂಜಿಗೆ ದಾರ ಪೋಣಿಸುವ ಪುಟ್ಟ ಸಾಧನವೊಂದನ್ನು ಅಂಚೆಯಲ್ಲಿ ತರಿಸಿಕೊಂಡ ತಪ್ಪಿಗೆ ಊರಿನ ಅಂಗಡಿಗಳೆಲ್ಲ ಅವರ ಬೆನ್ನು ಹತ್ತಿದ್ದವು.

ಗೋಣಿಚೀಲ ತಿಂಗಳಿಗೆ ಒಮ್ಮೆ ತುಂಬುತ್ತಿತ್ತು. ಹಳೇ ಪೇಪರಿನವನು ಕೈ ಹಾಕಿ ನೋಡಿ, "ಈ ಮಿಂಚೋ ಕಾಗದ ಬೇಡಮ್ಮ. ಮೇಲೆ ಪ್ಲಾಸ್ಟಿಕ್ ಬಳಿದಿರ್ತಾರೆ, ಗಿರಣಿಯೋರು ಮುಟ್ಟಲ್ಲ," ಎಂದು ಹೋಗುತ್ತಿದ್ದ. ಆಮೇಲೆ ಅದು ಕಸದ ಗಾಡಿಗೆ, ಗಾಡಿಯಿಂದ ಊರಾಚೆಯ ಗುಂಡಿಗೆ, ಗುಂಡಿಯಲ್ಲಿ ಬೆಂಕಿಗೆ. ಗಾಳಿ ಈ ಕಡೆ ತಿರುಗಿದ ದಿನ ಬೀದಿಯವರೆಲ್ಲ ಕಿಟಕಿ ಮುಚ್ಚಿಕೊಂಡು ಕೆಮ್ಮುತ್ತಿದ್ದರು. ಒಂದು ಸಲ ರಾಯರು ಕುತೂಹಲಕ್ಕೆ ಚೀಲವನ್ನು ತೂಗಿದರು. ಹನ್ನೊಂದು ಕಿಲೋ. ಅದನ್ನು ಊರಿನ ಮನೆಗಳ ಸಂಖ್ಯೆಯಿಂದ ಗುಣಿಸಲು ಹೋಗಿ, ಅರ್ಧಕ್ಕೇ ಬಿಟ್ಟು ಕಾಫಿ ಕುಡಿಯಲು ಎದ್ದರು. ಪ್ರತಿ ಲಕೋಟೆಯ ಕೆಳಗೂ ಒಂದು ಹಸಿರು ಎಲೆಯ ಚಿತ್ರ ಹಾಕಿ 'ಮರ ಉಳಿಸಿ' ಎಂದು ಅಚ್ಚು ಹಾಕಿಸುತ್ತಿದ್ದವರೂ ಅವರೇ. ಅಷ್ಟು ಮಾಡಿದ ಮೇಲೆ ಮನುಷ್ಯನಿಗೆ ಒಂದು ಕಾಫಿಯ ಹಕ್ಕಾದರೂ ಬೇಡವೇ?

ಆ ಶನಿವಾರ ಮಧ್ಯಾಹ್ನ ರಾಯರ ಹೆಂಡತಿ ಆಸ್ಪತ್ರೆಯಿಂದ ಬಂದವಳು ಚಪ್ಪಲಿ ಬಿಡದೆ ಒಳಗೆ ಬಂದಳು. ಒಂಬತ್ತು ತಿಂಗಳಾದರೂ ಕಾಗದ ಬರಲಿಲ್ಲವೆಂದು ಕೇಳಲು ಹೋಗಿದ್ದಳು.

"ರೀ, ಅಮ್ಮನ ತಾರೀಖು ಹೋದ ತಿಂಗಳೇ ಮುಗಿದು ಹೋಯ್ತಂತೆ. ಬರಲಿಲ್ಲ ಅಂತ ಹೆಸರು ಹೊಡೆದು ಹಾಕಿದ್ದಾರೆ. ಈಗ ಮತ್ತೆ ಪಟ್ಟಿಯ ಕೊನೇಲಿ. ಇನ್ನು ಎಂಟು ತಿಂಗಳು!"

"ಕಾಗದವೇ ಬರಲಿಲ್ಲವಲ್ಲ?"

"ಕಳಿಸಿದ್ದೀವಿ ಅಂತಾರೆ. ಈಗ ಅವರ ಕಾಗದ ಎಲ್ಲ ನಿಮ್ಮ ಕಂಪನಿಯೇ ಕಳಿಸೋದಂತೆ, ಹೌದಾ?"

ಹೌದು. ಅದು ರಾಯರದೇ ಯೋಜನೆ. ಮೊದಲು ಆಸ್ಪತ್ರೆಯ ಗುಮಾಸ್ತರು ಕಂದು ಲಕೋಟೆಯ ಮೇಲೆ ಕೈಯಲ್ಲಿ ವಿಳಾಸ ಬರೆದು ಕಳಿಸುತ್ತಿದ್ದರು. ಆರು ತಿಂಗಳ ಹಿಂದೆ ರಾಯರು ಹೋಗಿ, ಅರ್ಧ ಖರ್ಚಿನಲ್ಲಿ ನಾವು ಕಳಿಸಿಕೊಡುತ್ತೇವೆ ಎಂದು ಒಪ್ಪಿಸಿದ್ದರು. ಉಳಿದರ್ಧ ಕನ್ನಡಕದ ಅಂಗಡಿಯವನದು, ಅದಕ್ಕೆ ಬದಲಾಗಿ ಅವನ ಜಾಹೀರಾತೂ ಅದೇ ಲಕೋಟೆಯಲ್ಲಿ. ಲಕೋಟೆಗೆ ಹೊಸ ಖರ್ಚೇಕೆಂದು ಹಾಸಿಗೆ ಅಂಗಡಿಯ ಕೆಲಸದಲ್ಲಿ ಮಿಕ್ಕಿದ್ದನ್ನೇ ಬಳಸಿದರು. ಅದರ ಮೇಲೆ ಕೆಂಪು ಪಟ್ಟಿಯಲ್ಲಿ 'ಕೂಡಲೇ ತೆರೆಯಿರಿ! ನಿಮಗಾಗಿ ಮಾತ್ರ!' ಎಂದಿತ್ತು. ಯಜಮಾನರು ಎರಡು ಸಲ ಮೇಜು ತಟ್ಟಿದ್ದರು. ಅತ್ತೆಯ ಹೆಸರು ಆ ಪಟ್ಟಿಯಲ್ಲಿ ಹಾದುಹೋದದ್ದನ್ನು ರಾಯರು ಗಮನಿಸಿರಲಿಲ್ಲ. ಸಾವಿರಾರು ಹೆಸರಿನ ನಡುವೆ ಮನೆಯವರ ಹೆಸರೂ ಒಂದು ಹೆಸರೇ.

"ನಮ್ಮ ಕಾಗದ ತಲುಪದೇ ಇರೋಕೆ ಸಾಧ್ಯವೇ ಇಲ್ಲ," ಎಂದರು ರಾಯರು, ಅಭ್ಯಾಸಬಲದಿಂದ.

"ತಲುಪಿದೆ ರೀ. ಅದೇ ಕಷ್ಟ."

ಇಬ್ಬರೂ ಕೆಳಗಿಳಿದು ಹೋದರು. ಅತ್ತೆ ಕಿಟಕಿಯ ಹತ್ತಿರ ಕೂತು ದಾರದ ಕಟ್ಟನ್ನು ಬಿಗಿಯುತ್ತಿದ್ದರು. ವಿಷಯ ಕೇಳಿ ಕೈಯಲ್ಲಿದ್ದ ದಾರ ಬಿಟ್ಟರು. ಆಮೇಲೆ, "ಆಸ್ಪತ್ರೆಯದು ಕಂದು ಲಕೋಟೇಲಿ ಬರುತ್ತೆ ಅಂತ, ನನ್ನ ಹೆಸರಿಗೆ ಬಂದ ಮಿಂಚೋದನ್ನೆಲ್ಲ ಚೀಲಕ್ಕೆ ಹಾಕಿದೀನಿ. ಕಸದ ಗಾಡಿ ಎರಡು ಸಲ ಬಂದು ಹೋಯ್ತು," ಎಂದರು. ಮತ್ತೆ ತಪ್ಪು ಮಾಡಿದ ಮಗುವಿನಂತೆ ಕಟ್ಟನ್ನು ಮುಂದೆ ಚಾಚಿ, "ನಿಮ್ಮ ಬಾಡಿಗೆಯಮ್ಮಂದು ಮಾತ್ರ ಒಂದೂ ಬಿಟ್ಟಿಲ್ಲ ಅಳಿಯಂದ್ರೇ. ಬೇಕಾದ್ರೆ ಎಣಿಸ್ಕೊಳ್ಳಿ," ಎಂದರು.

ರಾಯರು ಎಣಿಸಲಿಲ್ಲ, ಬಿಚ್ಚಿದರು. ಸೋಫಾ, ಷಾಂಪೂ, ಮೂರನೆಯದು ಆಸ್ಪತ್ರೆ. ಬಾಡಿಗೆಯಮ್ಮನಿಗೆ ಮುಂದಿನ ಗುರುವಾರ ಬೆಳಿಗ್ಗೆ ಎಂಟಕ್ಕೆ ಕಣ್ಣಿನ ಆಪರೇಷನ್. ದಯವಿಟ್ಟು ತಪ್ಪದೆ ಬನ್ನಿ.

ರಾಯರಿಗೆ ಈಗ ನೆನಪಾಯಿತು. ಆಸ್ಪತ್ರೆಯವರು ಈ ಸಲ ಕೊಟ್ಟ ಹೆಸರುಗಳ ಜೊತೆಗೆ, ಕೈಗೆ ಬಂದ ಅಭ್ಯಾಸದಂತೆ, ಎಂಟು ಕಾವಲು ಹೆಸರನ್ನೂ ಸೇರಿಸಿಬಿಟ್ಟಿದ್ದರು. ಹಾಸಿಗೆಯ ಜಾಹೀರಾತಿನಲ್ಲಿ ಸುಳ್ಳು ಹೆಸರು ಯಾರ ಗಂಟನ್ನೂ ತಿನ್ನುವುದಿಲ್ಲ. ಆದರೆ ಇಲ್ಲಿ ಮೆಷಿನ್ನು ಒಂದೊಂದು ಹೆಸರಿಗೆ ಒಂದೊಂದು ತಾರೀಖು ಹಚ್ಚುತ್ತಾ ಹೋಗಿ, ಅದೇ ಪಟ್ಟಿ ಆಸ್ಪತ್ರೆಗೂ ಹೋಗಿತ್ತು. ಇರದವಳಿಗೆ ಕಣ್ಣು ಕೊಡಲು ಡಾಕ್ಟರು ಕಾಯುತ್ತಿದ್ದರು, ಇರುವವಳ ಹೆಸರನ್ನು ಹೊಡೆದು ಹಾಕಿದ್ದರು.

"ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂತ ಕೇಳಿದ್ದೆ," ಎಂದಳು ಹೆಂಡತಿ. "ಆ ಪೂಜಾರಪ್ಪ ನಮ್ಮನೇಲೇ ಉಣ್ತಾ ಇದ್ದಾರೆ ಅಂತ ಗೊತ್ತಿರಲಿಲ್ಲ."

ಆಗಲೇ ಆಸ್ಪತ್ರೆಗೆ ಹೋಗಿ ನಿಜ ಹೇಳುವುದು ಸರಿಯಾದ ದಾರಿ. ರಾಯರಿಗೆ ಅದು ಹೊಳೆಯಲಿಲ್ಲ ಎನ್ನಲಾರೆ, ಮೊದಲು ಹೊಳೆದದ್ದೇ ಅದು. ಆದರೆ ಹೇಳಿದರೆ ಆಸ್ಪತ್ರೆಯ ಗುತ್ತಿಗೆ ಹೋಗುತ್ತದೆ, ಹಿಂದೆಯೇ ತನ್ನ ಕುರ್ಚಿ. ಹೆದರಿದ ಮನುಷ್ಯನಿಗೆ ಉಪಾಯಗಳು ಬೇಗ ಹುಟ್ಟುತ್ತವೆ. "ಅತ್ತೆ, ಹೇಗೂ ಒಂದು ತಾರೀಖು ಮನೆಗೆ ಬಂದಿದೆ. ಗುರುವಾರ ನೀವೇ ಬಾಡಿಗೆಯಮ್ಮ ಅಂತ ಹೋಗಿಬಿಡೋಣ. ಫೈಲು ಸಿಗ್ತಿಲ್ಲ ಅಂದ್ರೆ ಅವರೇ ಹೊಸದು ಮಾಡ್ತಾರೆ. ಫೈಲು ಕಳೆಯೋದೇನು ಹೊಸತಲ್ಲವಲ್ಲ," ಎಂದರು.

ಹೆಂಡತಿ ಗಂಡನನ್ನು ನೋಡಿದಳು, ತಾಯಿಯ ಕಣ್ಣನ್ನು ನೋಡಿದಳು.

"ಅವಳಿಗೆ ಮಕ್ಕಳಿದ್ದಾರಾ?" ಎಂದು ಕೇಳಿದರು ಅತ್ತೆ.

"ಯಾರಿಗೆ?"

"ಬಾಡಿಗೆಯಮ್ಮಂಗೆ. ಯಾರಾದ್ರೂ ಕೇಳಿದ್ರೆ ಏನಂತ ಹೇಳ್ಲಿ? ಗಂಡ ಇದ್ದಾನಾ, ಇಲ್ವಾ? ನೀವು ಹುಟ್ಟಿಸಿದ ಹೆಂಗಸು, ನೀವೇ ಹೇಳ್ಬೇಕು."

ಇಪ್ಪತ್ತೆರಡು ವರ್ಷದಲ್ಲಿ ಒಂದು ಹೆಸರಿನ ಬಗ್ಗೆ ಯಾರೂ ಅಷ್ಟು ಪ್ರಶ್ನೆ ಕೇಳಿರಲಿಲ್ಲ.

ಗುರುವಾರ ಏಳೂವರೆಗೇ ಮೂವರೂ ಆಸ್ಪತ್ರೆಯ ಹಾಲಿನಲ್ಲಿ ಕೂತರು. ಕಬ್ಬಿಣದ ಕುರ್ಚಿಗಳು, ನೆಲ ಒರೆಸಿದ ಔಷಧದ ವಾಸನೆ, ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಾಗುತ್ತ ಹೋಗುವ ಅಕ್ಷರಗಳ ಹಲಗೆ. ದಿನಕ್ಕೆ ಆರು ಆಪರೇಷನ್. ನರ್ಸಮ್ಮ ಬಾಗಿಲಲ್ಲಿ ನಿಂತು ಒಂದೊಂದೇ ಹೆಸರು ಕರೆಯುತ್ತಿದ್ದಳು. ಐದು ಜನ ಎದ್ದು ಒಳಗೆ ಹೋದರು. ಆರನೆಯದು ಆ ಉದ್ದ ಹೆಸರು.

ಅತ್ತೆ ಅಲುಗಲಿಲ್ಲ. ರಾಯರು ಮೊಣಕೈಯಲ್ಲಿ ಮೆಲ್ಲಗೆ ತಿವಿದರು. ನರ್ಸಮ್ಮ ಎರಡನೇ ಸಲ ಕರೆದಳು.

"ಅತ್ತೆ, ನೀವೇ," ಎಂದು ರಾಯರು ಪಿಸುಗುಟ್ಟಿದರು.

"ನಾನಲ್ಲ," ಎಂದರು ಅತ್ತೆ ಮಾಮೂಲಿ ದನಿಯಲ್ಲೇ. "ಬರೋವಾಗ ಆಗಬಹುದು ಅನ್ನಿಸಿತ್ತು. ಈಗ ಏಳೋಕೆ ಕಾಲೇ ಬರ್ತಿಲ್ಲ. ನನ್ನ ಕಣ್ಣಿಗೆ ನನ್ನ ಹೆಸರೇ ಇರ್ಲಿ." ಮೂರನೇ ಸಲ ಕರೆದಾಗ ಅವರೇ ಕೈಯೆತ್ತಿ, "ಆಯಮ್ಮ ಬಂದಿಲ್ಲಮ್ಮ. ಬರೋಳೂ ಅಲ್ಲ," ಎಂದರು.

ನರ್ಸಮ್ಮ ಪಟ್ಟಿಯ ಮೇಲೆ ಗೆರೆ ಎಳೆದು ನಿಟ್ಟುಸಿರುಬಿಟ್ಟಳು. "ಮೂರು ವಾರದಲ್ಲಿ ಮೂರನೇ ಗುರುವಾರ ಹೀಗೆ. ಅಲ್ಲಿ ಡಾಕ್ಟ್ರು ಕೈಗೆ ಗ್ಲೌಸ್ ಹಾಕ್ಕೊಂಡು ನಿಂತಿರ್ತಾರೆ, ಇಲ್ಲಿ ಜನವೇ ಇರಲ್ಲ. ಅತ್ತ ನೋಡಿದ್ರೆ ನೂರಾರು ಜನ ತಾರೀಖು ಸಿಗಲಿಲ್ಲ ಅಂತ ಅಳ್ತಾರೆ." ಹಿಂದಿನ ಎರಡು ಗುರುವಾರ ಬರದವರ ಹೆಸರನ್ನೂ ಅವಳು ಬೇಸರದಲ್ಲಿ ಓದಿದಳು. ಒಂದು ರಾಯರ ಅಕ್ಕನ ಮನೆಯ ವಿಳಾಸಕ್ಕೆ ಹುಟ್ಟಿಸಿದ್ದು, ಇನ್ನೊಂದು ಅವರ ಕ್ಷೌರಿಕನ ಅಂಗಡಿಯದು.

ರಾಯರಿಗೆ ನಾಚಿಕೆಯಾಯಿತು. ಸಿಕ್ಕಿಬಿದ್ದೇನೆಂಬ ಭಯ ಅದಲ್ಲ, ಅದು ಬೇರೆಯೇ. ಆ ಎರಡು ದಿನ ಯಾರಿಗೋ ಕಣ್ಣು ಬರಬೇಕಿತ್ತು, ಬರಲಿಲ್ಲ. ಆ ಯಾರೋ ಎಂಬವರಿಗೆ ಪಕ್ಕದಲ್ಲಿ ಕೂತ ಅತ್ತೆಯ ಮುಖವೇ ಇದ್ದಂತೆ ಅವರಿಗೆ ಕಂಡಿತು. ಅವರು ಎದ್ದು ನಿಂತು, "ಅಮ್ಮಾ, ಆ ಮೂವರೂ ಇಲ್ಲ. ಅವರನ್ನ ನಾನೇ ಮಾಡಿದ್ದು," ಎಂದರು. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಣ್ಣು ಕಾಣದವರೂ ದನಿ ಬಂದ ಕಡೆ ಮುಖ ಮಾಡಿದರು.

ಮೇಲ್ವಿಚಾರಕಿಯ ಕೋಣೆಯಲ್ಲಿ ರಾಯರು ಎಂಟೂ ಹೆಸರನ್ನು ಬರೆದುಕೊಟ್ಟರು. ಆಕೆ ತಾಳೆ ನೋಡಿದರು. ಮೂರು ತಾರೀಖು ಹಾಳಾಗಿತ್ತು, ಇನ್ನು ಐದು ಮುಂದಿದ್ದವು.

"ಇವತ್ತಿನದನ್ನಾದರೂ ನಮ್ಮಮ್ಮಂಗೆ ಕೊಡಿ, ಇಲ್ಲೇ ಕೂತಿದ್ದಾರೆ," ಎಂದಳು ಹೆಂಡತಿ.

"ಹೊಡೆದು ಹಾಕಿದವರ ಫೈಲು ಉಗ್ರಾಣದಲ್ಲಿರುತ್ತಮ್ಮ. ಅದು ಸಿಗೋ ಹೊತ್ತಿಗೆ ಡಾಕ್ಟ್ರು ಹೊರಟಿರ್ತಾರೆ. ಫೈಲಿಲ್ಲದೆ ಅವರು ಚಾಕು ಮುಟ್ಟಲ್ಲ." ಮೇಲ್ವಿಚಾರಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇನ್ನೊಂದು ಮಾತು. ಕಾಗದ ನೋಡಲಿಲ್ಲ, ಜಾಹೀರಾತು ಅಂತ ಬಿಸಾಡಿದ್ವಿ ಅಂತ ನಿಮಗಿಂತ ಮೊದಲೇ ಐದು ಜನ ಬಂದು ಅತ್ತು ಹೋಗಿದ್ದಾರೆ. ಐದು ತಾರೀಖು ಆ ಐದು ಜನಕ್ಕೆ. ನಿಮ್ಮ ತಾಯಿ ಆರನೆಯವರು. ದಿನಾ ಬೆಳಿಗ್ಗೆ ಬಂದು ಬಾಗಿಲ ಹತ್ತಿರದ ಬೆಂಚಲ್ಲಿ ಕೂತಿರಲಿ, ಫೈಲು ಮೇಲೆ ತರಿಸಿಡ್ತೀನಿ. ಯಾರಾದ್ರೂ ಬರದಿದ್ರೆ ಕರೀತೀವಿ."

ಹೊರಗೆ ಬಂದು ಮೆಟ್ಟಿಲಿಳಿಯುತ್ತ ಅತ್ತೆ ಲೆಕ್ಕ ಹಾಕಿದರು. "ಎಂಟು ಜನಾನ ಹುಟ್ಟಿಸಿದ್ರಿ. ಒಂಬತ್ತನೆಯವಳನ್ನ ಹುಟ್ಟಿಸೋಕೆ ಸೋಮಾರಿತನ ಬಂತಾ ಅಳಿಯಂದ್ರೇ? ಇನ್ನೊಂದು ಸುಳ್ಳು ಇದ್ದಿದ್ರೆ ನನಗೂ ಕಣ್ಣು ಬರ್ತಿತ್ತು." ಹೇಳಿ ತಾವೇ ನಕ್ಕರು. ರಾಯರಿಗೆ ನಗು ಬರಲಿಲ್ಲ, ಹೆಂಡತಿಗೆ ಅಳು ಬಂತು.

ಆಸ್ಪತ್ರೆಯ ಗುತ್ತಿಗೆ ಹೋಯಿತು. ಮುಂದಿನ ಒಂದು ತಿಂಗಳ ಕಾಗದ ಮಾತ್ರ ಆಗಲೇ ಮನೆಮನೆ ಸೇರಿಯಾಗಿತ್ತು. ಯಜಮಾನರು ಮೂರನೇ ಸಲ ಮೇಜು ತಟ್ಟಿದರು, ಈ ಸಲದ ಅರ್ಥ ಬೇರೆ. ರಾಯರನ್ನು ಪಟ್ಟಿಯಿಂದ ತೆಗೆದು, ಮಧ್ಯಾಹ್ನದ ಪಾಳಿಯಲ್ಲಿ ಗೋದಾಮಿಗೆ ಹಾಕಿದರು. ವಿಳಾಸದಾರರು ಸತ್ತು, ಮನೆ ಬಿಟ್ಟು, ಬೇಡವೆಂದು ಬರೆದು ವಾಪಸು ಬಂದ ಲಕೋಟೆಗಳು ಅಲ್ಲಿ ತಲೆಯೆತ್ತರ ಬಿದ್ದಿದ್ದವು. ಅವನ್ನು ಯಂತ್ರಕ್ಕೆ ಹಾಕಿ ಚೂರು ಮಾಡುವುದು ಅವರ ಕೆಲಸವಾಯಿತು. ಮಾಡಿದ್ದುಣ್ಣೋ ಮಹಾರಾಯ ಎಂದು ಹಿಂದಿನವರು ಸುಮ್ಮನೆ ಹೇಳಲಿಲ್ಲ.

ಬೆಳಗಿನ ಹೊತ್ತು ಮಾತ್ರ ಬೆಂಚಿಗೆ ಮೀಸಲು. ಅತ್ತೆಯ ಕೈ ಹಿಡಿದು ರಾಯರೇ ಕರೆತರುತ್ತಿದ್ದರು. ಸುಳ್ಳು ಹೆಸರಿನ ತಾರೀಖು ಬಂದಂತೆಲ್ಲ ಮುಂದಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಮೂರು ವಾರ ಕಳೆಯುವಷ್ಟರಲ್ಲಿ ಐವರೂ ಮುಗಿದು, ಅತ್ತೆ ಬೆಂಚಿನ ಮೊದಲ ಜಾಗಕ್ಕೆ ಬಂದರು. ಅಷ್ಟರಲ್ಲಿ ಅವರ ಹಿಂದೆ ಇನ್ನೂ ಏಳು ಜನ ಕೂತಿದ್ದರು. ಎಲ್ಲರದೂ ಒಂದೇ ಕತೆ: ಕೆಂಪು ಪಟ್ಟಿ ನೋಡಿದ್ವಿ, ಬಿಸಾಡಿದ್ವಿ.

ಇನ್ನು ಪಟ್ಟಿಯಲ್ಲಿ ಸುಳ್ಳು ಹೆಸರು ಉಳಿದಿರಲಿಲ್ಲ. ಇನ್ನು ಅತ್ತೆಗೆ ಕಣ್ಣು ಬರಬೇಕೆಂದರೆ ನಿಜವಾದ ಒಬ್ಬರು ತಾರೀಖು ತಪ್ಪಿಸಿಕೊಳ್ಳಬೇಕು. ಜನ ತನ್ನ ಲಕೋಟೆಯನ್ನು ಒಡೆಯಲಿ ಎಂದು ಇಪ್ಪತ್ತೆರಡು ವರ್ಷ ಹಂಬಲಿಸಿದ ಮನುಷ್ಯ ಈಗ ದಿನಾ ಬೆಳಿಗ್ಗೆ, ಯಾರಾದರೊಬ್ಬರು ಒಡೆಯದೆ ಬಿಸಾಡಿರಲಪ್ಪ ಎಂದು ಬೇಡಿಕೊಳ್ಳುತ್ತ ಕೂರುತ್ತಿದ್ದರು. ಬೇಡಿಕೊಳ್ಳುವುದು ತಪ್ಪೆಂದು ಗೊತ್ತಿತ್ತು. ಬಿಡಲು ಆಗುತ್ತಿರಲಿಲ್ಲ. ಡಾಕ್ಟರು ಹೇಳಿದ ವರ್ಷಕ್ಕೆ ಎಂಟೇ ವಾರ ಉಳಿದಿತ್ತು.

ಆ ಮಂಗಳವಾರ ನರ್ಸಮ್ಮ ಆರನೆಯ ಹೆಸರು ಕರೆದಳು. ಒಬ್ಬ ಹೆಂಗಸಿನ ಹೆಸರು. ಯಾರೂ ಏಳಲಿಲ್ಲ. ಎರಡನೇ ಸಲ ಕರೆದಾಗ ಮೂಲೆಯಲ್ಲಿ ಒಬ್ಬಾಕೆ ಅಲುಗಿದಳು. ರಾಯರು ಬೆಂಚಿನ ಅಂಚಿಗೆ ಸರಿದರು. ಆಕೆ ಸೆರಗು ಸರಿಮಾಡಿಕೊಂಡು ಮತ್ತೆ ಕೂತಳು. ಮೂರನೇ ಸಲ. ಯಾರೂ ಬರಲಿಲ್ಲ. ನರ್ಸಮ್ಮ ಗೆರೆ ಎಳೆದು ಬೆಂಚಿನ ಕಡೆ ತಿರುಗಿ ಅತ್ತೆಯ ಹೆಸರು ಕೂಗಿದಳು.

ಅತ್ತೆ ಕೂಡಲೇ ಎದ್ದರು. ಆದರೆ ಒಳಗೆ ಹೋಗದೆ, ರಾಯರ ತೋಳು ಹಿಡಿದುಕೊಂಡು ನಿಂತರು.

"ಈಗ ಕರೆದ್ರಲ್ಲ, ಅವಳು ಸುಳ್ಳಾ?"

"ಅಲ್ಲ ಅತ್ತೆ. ನಿಜ."

"ಅವಳ ಮನೆ ಗೊತ್ತಾ?"

ರಾಯರಿಗೆ ಗೊತ್ತಿತ್ತು. ಹಳೇ ನೀರಿನ ಟ್ಯಾಂಕಿನ ಹಿಂದಿನ ಬೀದಿ, ಎರಡನೇ ಮಹಡಿ, ಎಡಗಡೆಯ ಬಾಗಿಲು. "ಗೊತ್ತು," ಎಂದರು.

"ಹಾಗಾದ್ರೆ ನನ್ನ ಕಾಯ್ತಾ ಇಲ್ಲಿ ಕೂರ್ಬೇಡಿ. ಹೋಗಿ ಹೇಳಿ, ಕರ್ಕೊಂಡು ಬಂದು ಈ ಬೆಂಚಲ್ಲಿ ಕೂರಿಸಿ. ಮತ್ತೆ ಕಾಗದಗೀಗದ ಹಾಕ್ಬೇಡಿ. ಬಾಗಿಲು ತಟ್ಟಿ," ಎಂದು ಅತ್ತೆ ತೋಳು ಬಿಟ್ಟು, ನರ್ಸಮ್ಮನ ಕೈ ಹಿಡಿದು ಒ‍ಳಗೆ ಹೋದರು.

ನಲವತ್ತು ನಿಮಿಷದ ದಾರಿಯನ್ನು ರಾಯರು ಅರ್ಧ ಗಂಟೆಯಲ್ಲಿ ನಡೆದರು. ಮೆಟ್ಟಿಲು ಹತ್ತಿ, ಎಡಗಡೆಯ ಬಾಗಿಲ ಮುಂದೆ ನಿಂತು, ಉಸಿರು ಸುಧಾರಿಸಿಕೊಂಡು ತಟ್ಟಿದರು. ಒಳಗೆ ಯಾರೋ ಗೋಡೆ ಹಿಡಿದುಕೊಂಡು ನಿಧಾನವಾಗಿ ನಡೆದು ಬರುವ ಸದ್ದು. ಬಾಗಿಲು ತೆರೆಯಲಿಲ್ಲ.

"ನಮಗೇನೂ ಬೇಡಪ್ಪ," ಎಂದಿತು ಒಳಗಿನ ಮುದಿ ದನಿ. "ನಾವೇನೂ ಕೊಳ್ಳಲ್ಲ. ಮುಂದಿನ ಮನೆಗೆ ಹೋಗು."

ರಾಯರು ಮತ್ತೆ ತಟ್ಟಿದರು.